ಅರ್ಧ ಗೀಟು

ಶುಕ್ರವಾರ ಸಂಜೆ ಆರೂವರೆಗೆ
ನಾಲ್ಕನೇ ನಂಬರ್ ಟ್ರಾಮಿನ ಕೀಲಿಯನ್ನು ಡಿಪೋದ ಮೊಳೆಗೆ ಸಿಕ್ಕಿಸಿ
ರದ್ಬೂಜಾ ಹೊಳೆಯ ಸೇತುವೆ ದಾಟಿ ಬರುತ್ತೇನೆ.
ಚೀಲದಲ್ಲಿ ಡಾಕ್ಟರಮ್ಮ ಕೊಟ್ಟ ನೀಲಿ ಪುಸ್ತಕ:
ತಿಂದದ್ದಕ್ಕೆ ಒಂದು ಕಾಲಂ, ಕುಡಿದದ್ದಕ್ಕೆ ಒಂದು.
ಕುಡಿದದ್ದರ ಕಾಲಂ ಯಾಕೋ ಸ್ವಲ್ಪ ಅಗಲ.

ಕಿಟಕಿ ಪಕ್ಕದ ಮೇಜು, ಇಪ್ಪತ್ತಮೂರು ವರ್ಷದಿಂದ ನಮ್ಮದು.
ಪಿಲ್ಜೆನ್ನಿನಲ್ಲಿ ಏನು ಬೇಕು ಅಂತ ಯಾರೂ ಕೇಳುವುದಿಲ್ಲ.
ಕೂತರೆ ಬಿಯರು. ಬರಿದಾದರೆ ಇನ್ನೊಂದು.
ಸಾಕು ಅನ್ನುವವರು ಲೋಟದ ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಬೇಕು,
ಸತ್ತವರ ಮುಖಕ್ಕೆ ಬಟ್ಟೆ ಎಳೆದ ಹಾಗೆ,
ಅನ್ನುತ್ತಾನೆ ಕ್ವೇತೋಸ್ಲಾವ್.
ಸರ್ವರ್ ಲುಬೋರ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು
ಲೋಟಕ್ಕೊಂದು ಗೀಟು ಎಳೆಯುತ್ತಾನೆ ಚೀಟಿಯ ಮೇಲೆ.
ನಾಲ್ಕು ಗೀಟು ನಿಂತ ಮೇಲೆ ಐದನೆಯದು ಅಡ್ಡ ಮಲಗುತ್ತದೆ.
ನಮ್ಮಲ್ಲೂ ಒಬ್ಬ ಹಾಗೇ.

ಫೆಬ್ರವರಿಯಲ್ಲಿ ತೊಂಬತ್ತೊಂದು ಕೆಜಿ ಇದ್ದೆ.
ನನ್ನ ಸೀಟಿನ ಸ್ಕ್ರೂ ಎರಡು ಸಲ ಬದಲಾಯಿಸಿದರು,
ಯಾರೂ ಏನೂ ಅನ್ನಲಿಲ್ಲ, ಅನ್ನದ್ದೇ ಕೇಳಿಸಿತು.
ಮಂಡಿ ಮಾತ್ರ ಬಾಯಿಬಿಟ್ಟು ಹೇಳಿತು, ಮೆಟ್ಟಿಲು ಮೆಟ್ಟಿಲಿಗೂ.
ಕಡುಬಿನಂಥ ಬ್ರೆಡ್ಡಿನ ಉಂಡೆ ಬಿಟ್ಟೆ, ಹುರಿದ ಹಂದಿ ಬಿಟ್ಟೆ.
ಗಂಡನನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ,
ಆ ಭಾರ ಕೆಜಿ ಲೆಕ್ಕಕ್ಕೆ ಬರಲಿಲ್ಲ.
ಈಗ ಎಂಬತ್ತನಾಲ್ಕು ಚಿಲ್ಲರೆ.
ಶುಕ್ರವಾರ ಒಂದನ್ನು ಬಿಡಲಾಗಲಿಲ್ಲ.

ಎಷ್ಟು ಕುಡಿಯಬಹುದು, ಕೇಳಿದೆ.
"ಒಂದು. ತೀರಾ ಅಂದರೆ ಎರಡು, ಸಣ್ಣವು."
ಎಳೆಯ ಹುಡುಗಿ, ಮೊನ್ನೆ ಮೊನ್ನೆ ಬ್ರ್ನೋದಿಂದ ಬಂದವಳು.
ನಮ್ಮ ಮೇಜಿನಲ್ಲಿ ಒಂದು ಅನ್ನುವುದು ಸಂಖ್ಯೆಯಲ್ಲ,
ಬಾಗಿಲ ಚಿಲಕ ಅಂತ ಅವಳಿಗೇನು ಗೊತ್ತು.

ಮೊದಲ ಸಲ "ಸಣ್ಣದು" ಅಂದಾಗ
ಲುಬೋರ್ ಹಾಲು ಕೇಳಿದವಳನ್ನು ನೋಡುವಂತೆ ನೋಡಿದ.
ಕಾಯಿಲೆಯಾ? ಅಂದ ರಾದೋವನ್.
ಪ್ರೇಮವಾ? ಅಂದಳು ಬೊಹ್ದಾನಾ, ಆಸೆಯಿಂದ.
ಮಂಡಿ, ಅಂದೆ.
ಆಮೇಲೆ ರಾತ್ರಿಯೆಲ್ಲ ಎಲ್ಲರೂ ತಂತಮ್ಮ ಮಂಡಿಯ ಕಥೆ ಹೇಳಿದರು.

ಮೂರು ಬೆರಳು ಉಳಿಸಿಕೊಂಡು ಕೂರುವುದು ಕಲಿತೆ.
ನೊರೆ ಇಳಿಯುತ್ತದೆ, ಬಿಯರು ಬೆಚ್ಚಗಾಗುತ್ತದೆ,
ಮುಂದಿಟ್ಟ ಉಪ್ಪಿನ ಚೀಸು ಕರೆಯುತ್ತದೆ:
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ಈ ಮೇಜಿನಲ್ಲಿ ನೀರು ಕೇಳಿದರೆ ನಗುತ್ತಾರೆ.
ಟ್ರಾಮು ಓಡಿಸುವವಳಿಗೆ ಬ್ರೇಕು ಹೊಸದಲ್ಲ.
ನಿಲ್ದಾಣಕ್ಕೆ ಎಷ್ಟೋ ಮುಂಚೆಯೇ ಹಿಡಿಯಬೇಕು,
ಕಂಡ ಮೇಲೆ ಹಿಡಿದರೆ
ನಿಂತವರೆಲ್ಲ ಒಬ್ಬರ ಮೇಲೊಬ್ಬರು.

ನಿನ್ನೆ ಕ್ವೇತೋಸ್ಲಾವ್,
ನನ್ನ ಪುಟ್ಟ ಲೋಟಕ್ಕೆ "ಔಷಧಿ" ಅಂತ ಹೆಸರಿಟ್ಟವನು,
ಇನ್ನೂ ಅರ್ಧ ತುಂಬಿದ್ದ ತನ್ನ ಲೋಟದ ಮೇಲೆ
ಬಿಲ್ಲೆ ಇಟ್ಟ.
ಲುಬೋರನ ಪೆನ್ಸಿಲ್ ಗಾಳಿಯಲ್ಲೇ ನಿಂತಿತು.
ಸಕ್ಕರೆ, ಅಂದ ಅವನು ಮೇಜಿನ ಮರ ನೋಡುತ್ತಾ,
ವಸಂತದಲ್ಲೇ ಗೊತ್ತಾಯಿತು.
ಮೊದಲು ಯಾರಾದರೂ ನಿಲ್ಲಿಸಲಿ ಅಂತ ಕಾಯುತ್ತಿದ್ದೆ.
ನೀನು ನಿಲ್ಲಿಸಿದ ಮೇಲೂ ಎಂಟು ಶುಕ್ರವಾರ ಬೇಕಾಯಿತು.

ಯಾರೂ ಜೋಕು ಮಾಡಲಿಲ್ಲ.
ಬೊಹ್ದಾನಾ ಅವನ ಚೀಸಿನ ತಟ್ಟೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು,
ಉಪಕಾರಕ್ಕೋ ಹಸಿವಿಗೋ, ಅವಳಿಗೇ ಗೊತ್ತಿರಲಿಕ್ಕಿಲ್ಲ.
ಅವನ ಮನೆ ಎರಡು ಸ್ಟಾಪು ದೂರ. ನಡೆದೇ ಹೋದೆವು,
ನನ್ನದೇ ಟ್ರಾಮು ಬೆಳಕು ಚೆಲ್ಲುತ್ತಾ ಪಕ್ಕದಲ್ಲೇ ದಾಟಿತು,
ಬೇರೆ ಯಾರೋ ಓಡಿಸುತ್ತಿದ್ದರು.

ಬೆಳಿಗ್ಗೆ ತೂಕದ ಯಂತ್ರ
ಇನ್ನೂರು ಗ್ರಾಂ ಜಾಸ್ತಿ ತೋರಿಸಿತು. ಯಾಕೆ ಅಂತ ಕೇಳಲಿಲ್ಲ.
ನೀಲಿ ಪುಸ್ತಕ ತೆರೆದು ಎರಡು ಗೀಟು ಎಳೆದೆ,
ಸಣ್ಣವು.
ಮೂರನೆಯದಕ್ಕೆ ಪೆನ್ನು ಇಟ್ಟು ಸುಮಾರು ಹೊತ್ತು ಕೂತೆ.
ಅವನು ಶೌಚಾಲಯಕ್ಕೆ ಎದ್ದು ಹೋದಾಗ
ಬಿಲ್ಲೆ ಎತ್ತಿ, ಆ ಅರ್ಧವನ್ನು
ಕುಡಿದದ್ದು ನಾನು.