ಒತ್ತಿ ಬಿಡುವುದು

ಮೂರು ತಿಂಗಳು ಸ್ಕ್ರೂಡ್ರೈವರ್ ತುದಿಯಿಂದಲೇ ಅದನ್ನ ಎಬ್ಬಿಸಿದ್ದೆ.
ಗುಂಡಿ ಒಳಗೆ ಕುಸಿದು, ಬಿದ್ದ ಹಲ್ಲಿನ ಜಾಗದಂತೆ ಒಂದು ತೂತು.
ಪಕ್ಕದ ತಗಡು ತೆಗೆದು, ಎರಡು ಮುಳ್ಳು ಹುಡುಕಿ
ತಾಗಿಸಿದರೆ ಫ್ಯಾನು ಗುರ್ ಎನ್ನುವುದು.
ಲಗ್ನಪತ್ರಿಕೆಗೆ ಬಂದವರು
ಕುರ್ಚಿಯನ್ನ ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುವರು.
"ಶಾಕ್ ಹೊಡೆಯಲ್ವಾ ಮೇಡಂ?"
ಹೊಡೆಯಲ್ಲ. ಬರೀ ಐದು ವೋಲ್ಟು.
ನಿಮ್ಮ ಬೀಗರು ಇದಕ್ಕಿಂತ ಜಾಸ್ತಿ.

ಹೊಸ ಡಬ್ಬ ಎರಡೂವರೆ ಸಾವಿರ ಅಂದ
ಎಸ್.ಪಿ. ರೋಡಿನ ತಬ್ರೇಜ್.
ಮೈತುಂಬ ಗಾಜು, ಒಳಗೆ ಏಳು ಬಣ್ಣದ ದೀಪ,
ಗಣೇಶನ ಪೆಂಡಾಲಿನ ಹಾಗೆ.
ಬೇಡ ಅಂದೆ.

ಕಬ್ಬನ್‌ಪೇಟೆಯ ನಮ್ಮ ಅಟ್ಟದಲ್ಲಿ
ಅಮ್ಮನ ಕಂಡಿಕೆ ಯಂತ್ರ ಗೋಣಿ ಹೊದ್ದು ಮಲಗಿತ್ತು.
ಮಗ್ಗಗಳು ತೂಕಕ್ಕೆ ಹೋದ ದಿನ
ಇದೊಂದು ಲಾರಿ ಹತ್ತಲಿಲ್ಲ,
ಯಾರೋ ಅದರ ಮೇಲೆ ಹಪ್ಪಳ ಒಣಹಾಕಿದ್ದರು.
ಅದರ ಹಸಿರು ಗುಂಡಿ ಬಿಚ್ಚಿಕೊಂಡೆ.
ನಡುವೆ ಸವೆದು ಸಣ್ಣ ಬಟ್ಟಲಾಗಿತ್ತು,
ಅಮ್ಮನ ಹೆಬ್ಬೆಟ್ಟಿನ ಅಳತೆಗೆ.
ನನ್ನದು ಅದರಲ್ಲಿ ಕೂರಲಿಲ್ಲ.

ಭಾನುವಾರ. ಮದರ್‌ಬೋರ್ಡನ್ನ ಕಳಚಿ
ಹಳೇ ಹತ್ತಿ ಸೀರೆಯಲ್ಲಿ ಕೂಸಿನಂತೆ ಸುತ್ತಿಟ್ಟೆ.
ತಗಡಿಗೆ ಟೇಪು, ಟೇಪಿಗೆ ಪೆನ್ಸಿಲ್ ಗುರುತು,
ಗುರುತಿಗೆ ಮೊಳೆಯಿಟ್ಟು ಒಂದೇ ಏಟು.
ಇಲ್ಲದಿದ್ದರೆ ಡ್ರಿಲ್ಲು ಜಾರಿ
ಎಲ್ಲೆಲ್ಲೋ ಗೀಚಿಬಿಡುತ್ತದೆ.
ಬೀರು ಅಂಗಡಿಯಿಂದ ಸಾಲ ತಂದ ಡ್ರಿಲ್ಲು ಅದು,
ಅಳತೆಗೂ ಮೀರಿ ಹಸಿವು.
ತೂತು ಒಂದು ಕೂದಲು ದೊಡ್ಡದಾಯಿತು. ವಾಷರ್ ಹಾಕಿ ಮುಚ್ಚಿದೆ.
ಉದುರಿದ ತಗಡಿನ ಪುಡಿಯನ್ನ
ಒಡೆದ ಸ್ಪೀಕರಿನ ಅಯಸ್ಕಾಂತ
ಇರುವೆಸಾಲು ಕರೆದಂತೆ ಕರೆದುಕೊಂಡಿತು.

ದೀಪದ ತಂತಿಗೆ ಹಿಂದುಮುಂದು ಉಂಟು.
ಸ್ವಿಚ್ಚಿಗಿಲ್ಲ, ಹೇಗೆ ಚುಚ್ಚಿದರೂ ಒಪ್ಪುತ್ತದೆ.
ಚುಚ್ಚಿದೆ. ಒತ್ತಿದೆ.
ಎದ್ದಿತು!
ಒಂದು, ಎರಡು, ಮೂರು, ನಾಲ್ಕು.
ಸತ್ತಿತು.
ಮತ್ತೆ ಒತ್ತಿದೆ. ಮತ್ತೆ ನಾಲ್ಕೇ ಎಣಿಕೆ.

ಫೋನಿನಲ್ಲಿ ತಬ್ರೇಜ್ ನಕ್ಕ:
"ಅಕ್ಕಾ, ಅದು ಹಿಡ್ಕೊಳ್ಳೋ ಸ್ವಿಚ್ಚು.
ಕಂಪ್ಯೂಟರ್ರಿಗೆ ಮುಟ್ಟಿ ಬಿಡಬೇಕು.
ಹಿಡ್ಕೊಂಡೇ ಇದ್ರೆ
ಕುತ್ತಿಗೆ ಅದುಮ್ತಾವ್ರೆ ಅಂದ್ಕೊಳ್ಳುತ್ತೆ."

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.
"ಬೆಳಗ್ಗೆ ಒತ್ತಿದ್ರೆ ಕರೆಂಟು ಹೋಗೋವರೆಗೂ ಹಾಗೇ ಇರ್ತಿತ್ತು.
ಮಾತು ಕೇಳೋ ಗುಂಡಿ ಅದು."
ಆಮೇಲೆ ತಾನೇ ಕೂತಳು.
ರೇಷ್ಮೆಯ ಗಂಟು ಕೀಳುತ್ತಿದ್ದ ಚಿಮಟ ತಂದು,
ಕನ್ನಡಕವನ್ನ ಹಣೆಗೇರಿಸಿ,
ಗುಂಡಿಯ ಹೊಟ್ಟೆ ಬಿಚ್ಚಿದಳು.
ಒಳಗೊಂದು ಕೊಕ್ಕೆ,
ರೆಪ್ಪೆಗೂದಲಿಗಿಂತ ಸ್ವಲ್ಪ ದಪ್ಪನೆಯ ತಂತಿ.
ಇಷ್ಟೇ, ಇಪ್ಪತ್ತೇಳು ವರ್ಷ ಹಿಡಿದಿಟ್ಟದ್ದು.
ಕಿತ್ತು ನೆಲಕ್ಕೆ ಬಿಟ್ಟಳು.
ಸಂಜೆ ಕಸದ ಜೊತೆ ಗುಡಿಸಿದಳು.

ಟಕ್ ಎಂದರೆ ಒಳಗೆ, ಟಕ್ ಎಂದರೆ ಹೊರಗೆ.
ಅಮ್ಮ ಹತ್ತು ಸಲ ಸುಮ್ಮಸುಮ್ಮನೆ ಒತ್ತಿ ನೋಡಿ
"ಈಗ ಇದಕ್ಕೆ ನಿಲುವೇ ಇಲ್ಲ" ಅಂದಳು.

ಸೋಮವಾರ ಅಂಗಡಿಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆ.
ಕರೀ ಡಬ್ಬದ ಹಣೆಯಲ್ಲಿ ದೊಡ್ಡ ಹಸಿರು ಬೊಟ್ಟು.
ಯಾರೂ ಕುರ್ಚಿ ಎಳೆದುಕೊಳ್ಳಲಿಲ್ಲ.

ಇನ್ನೂರಮೂವತ್ತು ಹೊರುತ್ತಿದ್ದದ್ದಕ್ಕೆ
ಈಗ ಐದೇ ಹೊರೆ.

ಮಧ್ಯಾಹ್ನ ಊಟದ ಡಬ್ಬಿ ತಂದವಳು
"ನಾನೊಂದ್ಸಲ" ಅಂದಳು.
ಆನ್ ಆಗೇ ಇದೆಯಮ್ಮಾ ಅನ್ನುವುದರೊಳಗೆ
ಹೆಬ್ಬೆಟ್ಟು ಅದರ ಬಟ್ಟಲಲ್ಲಿ ಹೋಗಿ ಕೂತಿತ್ತು.
ಬಿಡು, ಬಿಡು ಅಂದೆ.
ಅವಳು ಹಿಡಿದೇ ಇದ್ದಳು,
ನೂಲು ಹರಿಯಿತೇನೋ ಅಂತ ಕಿವಿಗೊಡುವವಳ ಹಾಗೆ.

ಒಂದು, ಎರಡು, ಮೂರು.

ಪತ್ರಿಕೆ ಸೇವ್ ಮಾಡಿರಲಿಲ್ಲ.
ವರನ ಸೋದರತ್ತೆಯರೇ ಒಂಬತ್ತು ಜನ,
ಮೊದಲಿಂದ ಕುಟ್ಟುತ್ತಿದ್ದೇನೆ.