ಆರನೆಯ ಹಲ್ಲು

ಜರಡಿ ದಾಟಲಿಲ್ಲ ಅದು.
ಮರಳೆಲ್ಲ ಕೆಳಗೆ ಸುರಿದ ಮೇಲೂ
ಕಪ್ಪೆಚಿಪ್ಪು, ಬೆಣಚುಕಲ್ಲು, ಒಂಟಿ ಹವಾಯಿ ಚಪ್ಪಲಿಯ ಜೊತೆ
ತಂತಿಯ ಮೇಲೆ ಕೂತೇ ಇತ್ತು.
ಎತ್ತಿದರೆ ಎರಡು ಇಟ್ಟಿಗೆಯಷ್ಟು ಭಾರ.
ಒಂದು ತುದಿ ನುಣುಪು, ಇನ್ನೊಂದು ಕಡೆ ಸಾಲು ಸಾಲು ಏಣು,
ಯಾರೋ ಈಗಷ್ಟೇ ಕುಂಟೆ ಹೊಡೆದು ಹೋದ ಹಾಗೆ.

ಹಿರಿಯೂರಿನ ಕೆಳಗೆ ವೇದಾವತಿ ಎಂದರೆ ಮರಳೇ.
ನೀರನ್ನು ಮಾರಿಕಣಿವೆ ಹಿಡಿದಿಟ್ಟುಕೊಂಡಿದೆ,
ಉಳಿದದ್ದನ್ನು ನಾವು ಟ್ರ್ಯಾಕ್ಟರಿಗೆ ತುಂಬುತ್ತೇವೆ.
ಆಳೆತ್ತರ ಅಗೆದರೆ ಮರಳೂ ಮುಗಿದು
ಬೆಲ್ಲದಚ್ಚಿನಂತೆ ಗಟ್ಟಿಕಟ್ಟಿದ ಗರಸು.
ಅಲ್ಲಿಂದ ಬಂದದ್ದು.

"ಬಿಸಾಕು ಅತ್ಲಾಗೆ" ಎಂದ ಮೈಲಾರಿ.
ಬಚ್ಚಲಿಗೆ ತಂದಿಟ್ಟೆ.
ಹನ್ನೊಂದು ವರ್ಷ ಉಜ್ಜಿತು
ನನ್ನ ಹಿಮ್ಮಡಿ, ಮಗಳ ಹಿಮ್ಮಡಿ,
ಹಬ್ಬಕ್ಕೆ ಬಂದ ನಾದಿನಿಯರ ಒಡಕು ಹಿಮ್ಮಡಿ.

ಹೊಳೆದಂಡೆಯ ಪದರ ಅಳೆಯುತ್ತ ಬಂದ ಮೇಡಂ
ನೀರು ಕೇಳಿ ಒಳಗೆ ಬಂದವಳು
ಬಚ್ಚಲ ಬಾಗಿಲಲ್ಲೇ ನಿಂತಳು, ಚೊಂಬು ಕೈಯಲ್ಲೇ.
ಆನೆಯ ದವಡೆಹಲ್ಲಂತೆ.
ಈಗಿನ ಆನೆಯಲ್ಲ, ಆ ಕುಲವೇ ತೀರಿಹೋಗಿದೆಯಂತೆ.
"ಆನೆಗೆ ಆರು ಸಲ ಹಲ್ಲು ಬರುತ್ತೆ.
ಕೆಳಗಿನಿಂದಲ್ಲ, ಹಿಂದಿನಿಂದ.
ಸವೆದದ್ದು ಮುಂದೆ ಮುಂದೆ ಸರಿದು ಉದುರುತ್ತೆ."
ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ, ಅಂದುಕೊಂಡೆ.
"ಆರನೆಯದೂ ಸವೆದರೆ?"
ಆಗ ನೀರು ಕುಡಿದಳು ಮೇಡಂ.
"ಎದೆಯೆತ್ತರ ಹುಲ್ಲಿರುತ್ತೆ. ಅಗಿಯೋಕಾಗಲ್ಲ."

ಈ ನುಣುಪು ಆನೆ ಸವೆಸಿದ್ದೋ
ನನ್ನ ಹಿಮ್ಮಡಿ ಸವೆಸಿದ್ದೋ?
ಕೇಳಿದೆ. ಮೇಡಂ ಬರೆದುಕೊಂಡಳು, ಹೇಳಲಿಲ್ಲ.
ನಾಳೆ ಬಂದು ಒಯ್ಯುತ್ತೇನೆ ಎಂದಳು.

ಅದೇ ಸಂಜೆ ಬೀದಿಯಲ್ಲಿ ಪಾಲಮ್ಮನ ಕೂಗು:
"ಕಲ್ಲಿಗೆ ಮುಳ್ಳು ಹಾಕ್ತೀವೋ..."
ಮನೆಮನೆಗೂ ಮಿಕ್ಸಿ ಬಂದಿದೆ,
ಆದರೂ ವರ್ಷಕ್ಕೊಮ್ಮೆ ಉಳಿ ಸುತ್ತಿಗೆ ಹೊತ್ತು ಬರುತ್ತಾಳೆ.
ಜಗಲಿಯ ಮೇಲಿದ್ದ ಹಲ್ಲನ್ನು ತೊಡೆಗೇರಿಸಿಕೊಂಡು
ನುಣುಪು ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು,
ಬೀಸೋಕಲ್ಲಿನ ಮೇಲೆ ಆಡಿಸುವ ಹಾಗೇ.
"ಯಾಕವ್ವ ಹಿಂಗ್ ಬಿಟ್ರಿ?
ಆಗ್ಲೇ ಮುಳ್ಳು ಹಾಕ್ಸಿದ್ರೆ
ಇನ್ನೊಂದಷ್ಟು ದಿನ ಬರ್ತಿತ್ತು."

ಹಲ್ಲೆಂದು ನಾನು ಹೇಳಲಿಲ್ಲ.
ಅವಳ ಬಾಯಲ್ಲಿ ಉಳಿದಿರುವುದು ಎರಡೇ.
ತಟ್ಟೆಗೆ ಮುದ್ದೆ ಇಕ್ಕಿದೆ, ಹುರುಳಿಸಾರು ಬಿಟ್ಟೆ.
ಮುರಿದಳು, ಅದ್ದಿದಳು, ನುಂಗಿದಳು.
ಮುದ್ದೆ ಅಗಿಯುವವರು ನಮ್ಮ ಕಡೆ ಯಾರೂ ಇಲ್ಲ.

ಪಾಪ, ಆ ಆನೆಗೆ
ಯಾರೂ ಮುದ್ದೆ ತೊಳಸಿರಲಿಲ್ಲ.