ಸ್ಲ್ಯಾಬ್ ಹಾಕಿದ ದಿನ

ಕೇಸ್ ಶೀಟಿನ ಅಂಚಿಗೆ ಚೌಕಗಳಿವೆ:
ಬಿ.ಪಿ., ಸಕ್ಕರೆ, ಹಳೆಯ ಸಿಸೇರಿಯನ್, ಅವಳಿ,
ನೀರೊಡೆದು ಎಷ್ಟು ಗಂಟೆ.
ಹುಲಿಗೆಮ್ಮನಿಗೆ ಎಲ್ಲಕ್ಕೂ ಇಲ್ಲ, ಇಲ್ಲ ಎಂದು ಗೀಟೆಳೆಯುತ್ತ ಬಂದೆ.
ಇಲ್ಲ ಅನ್ನುವುದು ಎಷ್ಟು ಸಲೀಸು
ರಾತ್ರಿ ಒಂದೂವರೆಗೆ.

ತಾರೀಖಿನ ಚೌಕದಲ್ಲಿ ಪೆನ್ನು ನಿಂತಿತು.
ಕಡೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ?
‘ಮೂರನೇ ಮಾಳಿಗಿ ಸ್ಲ್ಯಾಬ್ ಹಾಕಿದ ದಿನಾರೀ.
ಹೊಟ್ಟಿ ನೋವಂತ ಅವತ್ತ ಬುಟ್ಟಿ ಹೊರಲಿಲ್ಲ.’

ತಾಯಿ ಕಾರ್ಡಿಲ್ಲ, ಸ್ಕ್ಯಾನಿಲ್ಲ.
ಹೆಣ್ಣೂರಿನಾಚೆ ತಗಡಿನ ಶೆಡ್ಡು,
ಬಾಗಿಲಾಚೆ ಕುಕ್ಕರುಗಾಲಲ್ಲಿ ಕೂತ ಗಂಡ,
ಅವನ ಮೊಬೈಲಿನಲ್ಲಿ ಮೇಸ್ತ್ರಿಯ ನಂಬರು.

ಮೇಸ್ತ್ರಿ ನಿದ್ದೆಗಣ್ಣಲ್ಲೇ ಕೇಳಿದ:
ಯಾರು ಬಿದ್ದರು? ಎಷ್ಟನೇ ಫ್ಲೋರಿಂದ?
ಯಾರೂ ಬಿದ್ದಿಲ್ಲಪ್ಪ. ಹಾಜರಿ ಪುಸ್ತಕ ತೆಗಿ.

ಡಾಪ್ಲರಿನಲ್ಲಿ ಕೂಸಿನ ಎದೆ
ಅಮ್ಮ ಗಾರ್ಮೆಂಟ್ಸಿನಲ್ಲಿ ಓಡಿಸುತ್ತಿದ್ದ ಮಿಷನ್ನಿನ ಹಾಗೆ
ನೂರ ನಲವತ್ತು, ನೂರ ನಲವತ್ತು.

ಪುಟ ತಿರುವಿದ ಸದ್ದು. ಕೆಮ್ಮು.
‘ಫೆಬ್ರವರಿ ಒಂಬತ್ತು, ಮೇಡಂ.
ಅವಳ ಹೆಸರಿನ ಮುಂದೆ ಸೊನ್ನೆ ಐತೆ.’

ಇವತ್ತು ನವೆಂಬರ್ ಮೂವತ್ತು.
ಬೆರಳು ಮಡಚಿ, ಮತ್ತೆ ಮಡಚಿ ನೋಡಿದೆ:
ನಲವತ್ತೆರಡು ವಾರ.
ದಣಿದ ಮಾಸು ಇನ್ನೆಷ್ಟು ಉಸಿರು ಸಾಗಿಸೀತು.

ಅಷ್ಟರಲ್ಲಿ ನೋವೊಂದು ಏರಿ ಇಳಿಯಿತು;
ಮಿಷನ್ನು ಮಾತ್ರ ವೇಗಕ್ಕೆ ಮರಳಲಿಲ್ಲ,
ದಾರ ಸಿಕ್ಕಿಕೊಂಡ ಹಾಗೆ
ನೂರ ಹತ್ತು
ತೊಂಬತ್ತು
ತೊಂಬತ್ತು.
ಹಾಸಿಗೆಗೆ ಇಳಿದ ನೀರು ಹಸಿರು,
ನಮ್ಮೂರ ಕೆರೆಗಳ ಈಗಿನ ಹಸಿರು.

ಡ್ರಿಪ್ ನಿಲ್ಲಿಸಿದೆ. ಎಡಕ್ಕೆ ಹೊರಳಿಸಿದೆ.
ಡಾಕ್ಟರ್ ಸೂಫಿಯಾಗೆ ತಾರೀಖು ಹೇಳಿದ್ದೇ ತಡ,
ತಲೆಗೂದಲು ಕಟ್ಟುತ್ತಲೇ ಥಿಯೇಟರಿನತ್ತ ಓಡಿದರು.

ಹುಟ್ಟಿದ ಹುಡುಗಿ ನೀಲಿ ಎಂದು ಬರೆದೆ.
ನೀಲಿಯಲ್ಲ. ಹಸಿ ಸಿಮೆಂಟಿನ ಬಣ್ಣ.
ಒರೆಸು, ತಿಕ್ಕು. ಅಳುವಿಲ್ಲ.
ಅಂಗೈಯಗಲದ ಮಾಸ್ಕು ಹಿಡಿದು
ಒತ್ತು, ಬಿಡು, ಬಿಡು,
ಒತ್ತು, ಬಿಡು, ಬಿಡು.
ಗೋಡೆ ಗಡಿಯಾರದ ಮುಳ್ಳನ್ನು
ಯಾರೋ ಹಿಂದಕ್ಕೆ ಎಳೆಯುತ್ತಿದ್ದರು.

ಎರಡನೇ ನಿಮಿಷಕ್ಕೆ ಮೂಗು ಸುಕ್ಕಾಯಿತು.
ಆಮೇಲೆ ಅತ್ತಳು, ಕೂಲಿ ಮುರಿದವರ ಮೇಲೆ
ಸಿಟ್ಟು ಬಂದವಳ ಹಾಗೆ.

ಬೆಳಗ್ಗೆ ಮೇಸ್ತ್ರಿಯೇ ಫೋನು ಮಾಡಿದ.
ಕೂಸು ಹೆಂಗೈತೆ ಎಂದು ಕೇಳಿದ,
ನಿಜ, ಮೊದಲು ಅದನ್ನೇ ಕೇಳಿದ.
ಆಮೇಲೆ: ಹುಲಿಗೆಮ್ಮಂಗೆ ಇನ್ನೆಷ್ಟು ದಿನ
ಸೊನ್ನೆ ಹಾಕಲಿ, ಮೇಡಂ?

ಡ್ಯೂಟಿ ಮುಗಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ
ನಿದ್ದೆ ಹತ್ತುತ್ತಿಲ್ಲ.
ಹಸಿರು ಪರದೆ ಹೊದ್ದ ಕಟ್ಟಡಗಳು ಒಂದರ ಹಿಂದೊಂದು,
ಮಾಳಿಗೆ ಎಣಿಸುತ್ತಿದ್ದೇನೆ.